ಸಿಜಿಪಿಎ ಕ್ಯಾಲ್ಕುಲೇಟರ್ ಕಟ್ಟುವುದು ಹೇಗೆ: ಮಾರ್ಕ್ಸ್ ಕಾರ್ಡಿಗೆ ತಾಳೆಯಾಗಬೇಕಾದರೆ ಈ ಕ್ರಮ ಹಿಡಿಯಿರಿ

ಪ್ರತಿ ವರ್ಷ ಬಳ್ಳಾರಿ, ರಾಯಚೂರು, ಕೊಪ್ಪಳದ ಕಾಲೇಜುಗಳಲ್ಲಿ ಒಂದಿಷ್ಟು ಹುಡುಗ ಹುಡುಗಿಯರು ಮಿನಿ ಪ್ರಾಜೆಕ್ಟಿಗೆಂದು ಸಿಜಿಪಿಎ ಕ್ಯಾಲ್ಕುಲೇಟರ್ ಕಟ್ಟುತ್ತಾರೆ. ಒಂದು ಸೆಮಿಸ್ಟರಿನ ಸರಾಸರಿ ಪಾಯಿಂಟ್ ಎಸ್‌ಜಿಪಿಎ, ಎಲ್ಲ ಸೆಮಿಸ್ಟರ್ ಸೇರಿಸಿದ್ದು ಸಿಜಿಪಿಎ, ಎರಡೂ ಹತ್ತಕ್ಕೆ. ನೋಡೋಕೆ ಚೆಂದ ಇರುತ್ತದೆ. ರಿಸಲ್ಟ್ ಬಂದ ದಿನ ಮಾತ್ರ ಆ್ಯಪ್ ಒಂದು ಹೇಳುತ್ತದೆ, ಮಾರ್ಕ್ಸ್ ಕಾರ್ಡ್ ಇನ್ನೊಂದು ಹೇಳುತ್ತದೆ. ಆಗ ಜೂನಿಯರ್‌ಗಳು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: "ಅಣ್ಣ, ಕೋಡ್ ಎಲ್ಲಾ ಸರಿ ಐತಿ, ಎರರ್ ಸೈತ ಬರವಲ್ದು, ಉತ್ತರ ಮಾತ್ರ ಯಾಕ ಬ್ಯಾರೆ?"

ತಪ್ಪಿರುವುದು ಕೆಲಸದ ಕ್ರಮದಲ್ಲಿ. ಮೊದಲು ಸ್ಕ್ರೀನ್, ಆಮೇಲೆ ಕೋಡ್, ಕೊನೆಗೆ ಯಾರಾದರೂ ದೂರಿದರೆ ವಿಶ್ವವಿದ್ಯಾಲಯದ ನಿಯಮ ತೆಗೆದು ನೋಡುವುದು. ಹೀಗೆ ಹೋದರೆ ಲೆಕ್ಕ ತಾಳೆಯಾಗುವುದಿಲ್ಲ. ಪ್ರತಿ ವಿಷಯದ ಗ್ರೇಡ್ ಪಾಯಿಂಟನ್ನು ಅದರ ಕ್ರೆಡಿಟ್ಟಿನಿಂದ (ಅಂದರೆ ವಿಷಯದ ತೂಕದಿಂದ) ಗುಣಿಸಿ, ಕೂಡಿ, ಒಟ್ಟು ಕ್ರೆಡಿಟ್ಟಿನಿಂದ ಭಾಗಿಸುವ ಕೆಲಸ ಒಂದೇ ಸಾಲಿನದು. ಫೇಲಾದ ವಿಷಯ, ಕ್ರೆಡಿಟ್ ಇಲ್ಲದ ವಿಷಯ, ಡಿಪ್ಲೊಮಾ ಮುಗಿಸಿ ನೇರ ಎರಡನೇ ವರ್ಷಕ್ಕೆ ಬಂದವರು (ಲ್ಯಾಟರಲ್ ಎಂಟ್ರಿ), ಹಳೇ ಸ್ಕೀಮಿನಲ್ಲಿ (ಅಂದರೆ ಹಿಂದಿನ ಪಠ್ಯಕ್ರಮ ಮತ್ತು ನಿಯಮದಲ್ಲಿ) ಬ್ಯಾಕ್, ಅಂದರೆ ಪಾಸಾಗದ ವಿಷಯ, ಉಳಿಸಿಕೊಂಡವರು, ಇವರೆಲ್ಲರ ಲೆಕ್ಕವೂ ಸರಿ ಬರಬೇಕು, ಕಷ್ಟ ಇರುವುದು ಅಲ್ಲಿ. ಅದಕ್ಕೇ ಕೆಳಗಿನ ಕ್ರಮದಲ್ಲಿ ಕೋಡ್ ಬರುವುದು ಐದನೆಯ ಹಂತಕ್ಕೆ.

ಕೈಗೆ ಬೇಕಾದವು

ನಿಮ್ಮ ಸ್ಕೀಮಿನ ರೆಗ್ಯುಲೇಶನ್ ಪಿಡಿಎಫ್ ಮತ್ತು ಸ್ಕೀಮ್ ಆಫ್ ಟೀಚಿಂಗ್ ಪಟ್ಟಿ. ಎರಡೂ ಬೇರೆ ಬೇರೆ ಕಡತ, ಎರಡೂ ಬೇಕು. ಮೊದಲನೆಯದರಲ್ಲಿ ಗ್ರೇಡ್ ನಿಯಮ, ಎರಡನೆಯದರಲ್ಲಿ ಯಾವ ವಿಷಯಕ್ಕೆ ಎಷ್ಟು ಕ್ರೆಡಿಟ್ ಎಂಬುದು ಇರುತ್ತದೆ. ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಓಡಾಡುವ ಸ್ಕ್ರೀನ್‌ಶಾಟ್ ನಂಬಬೇಡಿ. ಅದು ಯಾವ ಸ್ಕೀಮಿನದು ಎಂದು ಕಳಿಸಿದವನಿಗೇ ಗೊತ್ತಿರುವುದಿಲ್ಲ.

ಕನಿಷ್ಠ ಮೂರು ನಿಜವಾದ ಮಾರ್ಕ್ಸ್ ಕಾರ್ಡ್ ಬೇಕು: ಎಲ್ಲ ಪಾಸಾದವರದು ಒಂದು, ಬ್ಯಾಕ್ ಇದ್ದವರದು ಒಂದು, ಲ್ಯಾಟರಲ್ ಎಂಟ್ರಿಯವರದು ಒಂದು. ಹೆಸರು, ಯುಎಸ್‌ಎನ್ (ವಿದ್ಯಾರ್ಥಿಯ ನೋಂದಣಿ ಸಂಖ್ಯೆ), ತಂದೆ ತಾಯಿಯ ಹೆಸರು ಮುಚ್ಚಿದ ಪ್ರತಿಯನ್ನೇ ಕೇಳಿ ಪಡೆಯಿರಿ.

ಮಿಕ್ಕಂತೆ ಗೂಗಲ್ ಶೀಟ್ಸ್, ಯಾವುದಾದರೊಂದು ಎಡಿಟರ್, ಕ್ರೋಮ್, ಗಿಟ್‌ಹಬ್ (ಕೋಡ್ ಇಡುವ ಸೈಟ್) ಖಾತೆ. ಲ್ಯಾಪ್‌ಟಾಪ್ ಇಲ್ಲದವರು ಗಿಟ್‌ಹಬ್ ಸೈಟಿನಲ್ಲೇ ಫೈಲ್ ತೆರೆದು ಮೊಬೈಲಿನಲ್ಲಿ ತಿದ್ದಬಹುದು. ಕಣ್ಣಿಗೆ ಕಷ್ಟ, ಆದರೆ ಕೆಲಸ ಆಗುತ್ತದೆ. ಸರ್ವರ್, ಡೇಟಾಬೇಸ್, ರಿಯಾಕ್ಟ್ ಇವ್ಯಾವೂ ಬೇಡ.

ಹಂತ 1: ಯಾರಿಗಾಗಿ ಎಂದು ಮೊದಲು ಗೆರೆ ಎಳೆದುಕೊಳ್ಳಿ

"ಎಲ್ಲರಿಗೂ ಆಗುವ ಕ್ಯಾಲ್ಕುಲೇಟರ್" ಎಂದು ಹೊರಟವರು ಯಾರಿಗೂ ಆಗದ್ದನ್ನು ಕಟ್ಟುತ್ತಾರೆ. ನಮ್ಮ ಭಾಗದಲ್ಲಂತೂ ಒಂದೇ ರಸ್ತೆಯ ಎರಡು ಕಾಲೇಜು ಬೇರೆ ಬೇರೆ ವಿಶ್ವವಿದ್ಯಾಲಯಕ್ಕೆ ಸೇರಿರುತ್ತವೆ. ಎಂಜಿನಿಯರಿಂಗ್ ಕಾಲೇಜುಗಳು ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ (ವಿಟಿಯು) ಸೇರಿವೆ. ಬಳ್ಳಾರಿಯ ಡಿಗ್ರಿ ಕಾಲೇಜುಗಳಿಗೆ 2010ರಲ್ಲಿ ಶುರುವಾದ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯ, ರಾಯಚೂರು ಮತ್ತು ಕೊಪ್ಪಳಕ್ಕೆ ಈಗ ತಮ್ಮ ತಮ್ಮ ವಿಶ್ವವಿದ್ಯಾಲಯ ಬಂದಿವೆ. ರಾಯಚೂರಿನ ಕೃಷಿ ವಿಶ್ವವಿದ್ಯಾಲಯದವರ ಲೆಕ್ಕವೇ ಬೇರೆ. ಅವರದು ಒಜಿಪಿಎ (ಸಿಜಿಪಿಎಯಂಥದ್ದೇ ಒಟ್ಟು ಸರಾಸರಿ), ಅಲ್ಲಿ ಶೇಕಡಾ ಅಂಕವನ್ನು ಹತ್ತರಿಂದ ಭಾಗಿಸಿದ್ದೇ ಗ್ರೇಡ್ ಪಾಯಿಂಟ್, ಮೆಟ್ಟಿಲು ಮೆಟ್ಟಿಲಿನ ಗ್ರೇಡ್ ಪಟ್ಟಿ ಇಲ್ಲ. ಕ್ರೆಡಿಟ್ಟನ್ನೂ ಅವರು "2+1" ಎಂದು ಬರೆಯುತ್ತಾರೆ, ಅಂದರೆ ಥಿಯರಿಗೆ 2, ಪ್ರಾಕ್ಟಿಕಲ್‌ಗೆ 1. ಎಂಜಿನಿಯರಿಂಗಿಗೆಂದು ಕಟ್ಟಿದ ಆ್ಯಪಿನ ಕ್ರೆಡಿಟ್ ಪೆಟ್ಟಿಗೆಯಲ್ಲಿ ಅವರು ಅದನ್ನೇ ಟೈಪ್ ಮಾಡಿದರೆ ಉತ್ತರದ ಜಾಗದಲ್ಲಿ ಬರುವುದು "ಸಂಖ್ಯೆ ಅಲ್ಲ" ಎಂಬ ಎರರ್.

ಒಂದೇ ವಿಶ್ವವಿದ್ಯಾಲಯದೊಳಗೂ ಸ್ಕೀಮ್ ಹಲವು. ಡಿಗ್ರಿಯಲ್ಲಿ 2021-22ರಿಂದ ಎನ್‌ಇಪಿ (ರಾಷ್ಟ್ರೀಯ ಶಿಕ್ಷಣ ನೀತಿ) ಪಠ್ಯಕ್ರಮ ಬಂತು, 2024-25ರಿಂದ ಸರ್ಕಾರ ಮತ್ತೆ ಮೂರು ವರ್ಷದ ಪದವಿಗೆ ಮರಳಿತು. ಹೀಗಾಗಿ ಒಂದೇ ಕಾಲೇಜಿನ ಅಣ್ಣ ತಮ್ಮಂದಿರ ಕ್ರೆಡಿಟ್ ಪಟ್ಟಿ ಬೇರೆ ಬೇರೆ. ವಿಟಿಯುನಲ್ಲಿ 2018ರ ಸ್ಕೀಮಿಗೆ ಇಂಟರ್ನಲ್ಸ್ (ಕಾಲೇಜಿನವರೇ ಕೊಡುವ ಅಂಕ) 40, ಪರೀಕ್ಷೆ 60. 2022ರ ಸ್ಕೀಮಿಗೆ ಎರಡೂ 50.

ವಿಟಿಯು ಹುಡುಗರಿಗೆ ಸ್ಕೀಮ್ ಗುರುತಿಸುವ ಸುಲಭದ ದಾರಿ ವಿಷಯದ ಕೋಡ್. "18ಸಿಎಸ್" ಎಂದು ಶುರುವಾದರೆ 2018ರದು, "21ಸಿಎಸ್" ಇದ್ದರೆ 2021ರದು, "ಬಿಸಿಎಸ್" ಎಂದಿದ್ದರೆ 2022ರದು. ಯುಎಸ್‌ಎನ್‌ನಲ್ಲಿರುವ ವರ್ಷ ನೋಡಿ ಸ್ಕೀಮ್ ತೀರ್ಮಾನಿಸಬೇಡಿ. ವರ್ಷ ತಪ್ಪಿಸಿಕೊಂಡು ಮತ್ತೆ ಸೇರಿದವರು ಹೊಸ ಸ್ಕೀಮಿಗೆ ಬಿದ್ದಿರುತ್ತಾರೆ, ಯುಎಸ್‌ಎನ್ ಮಾತ್ರ ಹಳೆಯದೇ ಇರುತ್ತದೆ.

ಮೊದಲ ಆವೃತ್ತಿಗೆ ಒಂದು ವಿಶ್ವವಿದ್ಯಾಲಯ, ಒಂದು ಸ್ಕೀಮ್ ಸಾಕು. ಮುಂದಿನ ಉದಾಹರಣೆಗಳನ್ನು ನಾನು ವಿಟಿಯು 2022ರ ಸ್ಕೀಮಿನ ಮೇಲೆ ಕೊಡುತ್ತೇನೆ. ನಿಮ್ಮದು ಬೇರೆಯಾದರೆ ಅಂಕಿ ಬದಲಿಸಿಕೊಳ್ಳಿ, ಕ್ರಮ ಅದೇ.

ಹಂತ 2: ನಿಯಮವನ್ನು ಒಂದು ಹಾಳೆಗೆ ಇಳಿಸಿ

ರೆಗ್ಯುಲೇಶನ್ ಓದುವಾಗ ಪೆನ್ನು ಕೈಯಲ್ಲಿರಲಿ. ಈ ಪ್ರಶ್ನೆಗಳಿಗೆ ಉತ್ತರ ಸಿಗುವ ತನಕ ಕಂಪ್ಯೂಟರ್ ಮುಟ್ಟಬೇಡಿ.

1. ಎಷ್ಟರಿಂದ ಎಷ್ಟು ಅಂಕಕ್ಕೆ ಯಾವ ಗ್ರೇಡ್, ಎಷ್ಟು ಪಾಯಿಂಟ್? 2022ರ ಸ್ಕೀಮಿನಲ್ಲಿ 90 ಮತ್ತು ಮೇಲೆ ಓ (10), 80ರಿಂದ ಎ ಪ್ಲಸ್ (9), 70ರಿಂದ ಎ (8), 60ರಿಂದ ಬಿ ಪ್ಲಸ್ (7), 55ರಿಂದ ಬಿ (6), 50ರಿಂದ ಸಿ (5), 40ರಿಂದ ಪಿ (4), ಅದಕ್ಕೆ ಕೆಳಗೆ ಎಫ್ (0). ಗಮನಿಸಿ, 50ರಿಂದ 59ರ ನಡುವೆ ಎರಡು ಗ್ರೇಡ್ ಇದೆ. "ಹತ್ತರಿಂದ ಭಾಗಿಸಿ ಒಂದು ಕೂಡಿಸಿದರಾಯ್ತು" ಎಂದು ಅಡ್ಡದಾರಿ ಹಿಡಿದವರು ಎಡವುವುದು ಇಲ್ಲೇ. 52ಕ್ಕೆ 6 ಕೊಟ್ಟುಬಿಡುತ್ತಾರೆ.

2. ಪಾಸಾಗಲು ಬರೀ ಒಟ್ಟು ಅಂಕ ಸಾಕೋ, ಭಾಗವಾರು ಕನಿಷ್ಠವೂ ಇದೆಯೋ? ಇದೆ. ಇಂಟರ್ನಲ್ಸ್‌ನಲ್ಲಿ 50ಕ್ಕೆ 20, ಪರೀಕ್ಷೆಯಲ್ಲಿ 50ಕ್ಕೆ 18, ಒಟ್ಟು 40. ಮೂರೂ ದಾಟಬೇಕು. ಲ್ಯಾಬ್ ಸೇರಿಕೊಂಡ ಇಂಟಿಗ್ರೇಟೆಡ್ ವಿಷಯಗಳಲ್ಲಿ ಇಂಟರ್ನಲ್ಸೇ ಥಿಯರಿ ಮತ್ತು ಲ್ಯಾಬ್ ಎಂದು ಒಡೆದಿರುತ್ತದೆ, ಅದರ ಸಾಲನ್ನು ಬೇರೆಯಾಗಿ ಓದಿಕೊಳ್ಳಿ.

3. ಫೇಲಾದ ವಿಷಯದ ಕ್ರೆಡಿಟ್ ಭಾಜಕದಲ್ಲಿ ಸೇರುತ್ತದೋ ಇಲ್ಲವೋ? ಈ ಪ್ರಶ್ನೆಯನ್ನು ಎಸ್‌ಜಿಪಿಎಗೆ ಒಮ್ಮೆ, ಸಿಜಿಪಿಎಗೆ ಒಮ್ಮೆ ಕೇಳಿಕೊಳ್ಳಬೇಕು. ವಿಟಿಯು ನಿಯಮದಲ್ಲಿ ಎಸ್‌ಜಿಪಿಎಗೆ ಆ ಸೆಮಿಸ್ಟರಿನ ಎಲ್ಲ ವಿಷಯವೂ ಸೇರುತ್ತದೆ, ಎಫ್ ಆದದ್ದೂ. ಸಿಜಿಪಿಎಯಲ್ಲಿ ಎಫ್ ಇರುವ ವಿಷಯವನ್ನು ಪಾಸಾಗುವ ತನಕ ಹೊರಗಿಡುತ್ತಾರೆ.

4. ಕ್ರೆಡಿಟ್ ಇಲ್ಲದ ಕಡ್ಡಾಯ ವಿಷಯ ಯಾವುವು? ಎನ್‌ಎಸ್‌ಎಸ್, ಯೋಗ, ದೈಹಿಕ ಶಿಕ್ಷಣದಂಥವು ಪಾಸಾದರೆ ಸಾಕು, ಲೆಕ್ಕಕ್ಕೆ ಬರುವುದಿಲ್ಲ.

5. ಲ್ಯಾಟರಲ್ ಎಂಟ್ರಿಯವರ ಒಟ್ಟು ಕ್ರೆಡಿಟ್ ಎಷ್ಟು? ನಾಲ್ಕು ವರ್ಷ ಓದುವವರಿಗೆ 160 ಆದರೆ ಇವರಿಗೆ ಮೂರನೇ ಸೆಮಿಸ್ಟರಿನಿಂದ ಲೆಕ್ಕ, 120.

6. ಎಷ್ಟು ದಶಮಾಂಶಕ್ಕೆ ರೌಂಡ್ ಮಾಡುತ್ತಾರೆ? ಶೇಕಡಾವಾರಿಗೆ ಯಾವ ಸೂತ್ರ?

ಆರನೆಯದನ್ನು ಹಗುರವಾಗಿ ತಗೋಬೇಡಿ. ಸಿಜಿಪಿಎಯಿಂದ 0.75 ಕಳೆದು ಹತ್ತರಿಂದ ಗುಣಿಸುವ ಸೂತ್ರ ತುಂಬಾ ಕಡೆ ಬಳಕೆಯಲ್ಲಿದೆ. ಎಐಸಿಟಿಇ (ತಾಂತ್ರಿಕ ಶಿಕ್ಷಣದ ಅಖಿಲ ಭಾರತ ಮಂಡಳಿ) ಕೋಷ್ಟಕದಲ್ಲಿ 6.25ಕ್ಕೆ 55, 6.75ಕ್ಕೆ 60, 7.25ಕ್ಕೆ 65 ಶೇಕಡಾ ಬರುವುದು ಹೀಗೆಯೇ. ಇನ್ನು ಕೆಲವು ಸ್ಕೀಮುಗಳಲ್ಲಿ ಸೀದಾ ಹತ್ತರಿಂದ ಗುಣಿಸುವುದು. ಎರಡರ ನಡುವೆ ಯಾವಾಗಲೂ ಏಳೂವರೆ ಶೇಕಡಾ ಅಂತರ. "60 ಪರ್ಸೆಂಟ್ ಮೇಲಿದ್ದವರು ಮಾತ್ರ ಬನ್ನಿ" ಎಂದು ಕಂಪನಿಯವರು ಬರೆದಾಗ ಇದೇ ಏಳೂವರೆ ಒಬ್ಬನನ್ನು ಒಳಗೆ ಬಿಡುತ್ತದೆ, ಇನ್ನೊಬ್ಬನನ್ನು ಹೊರಗೆ ನಿಲ್ಲಿಸುತ್ತದೆ. ನಿಮ್ಮ ಸ್ಕೀಮಿಗೆ ಯಾವುದು ಎಂದು ರೆಗ್ಯುಲೇಶನ್ನಿನಲ್ಲಿ ಸ್ಪಷ್ಟವಾಗಿ ಸಿಗದಿದ್ದರೆ ಆ್ಯಪಿನಲ್ಲಿ ಶೇಕಡಾವಾರು ತೋರಿಸಲೇಬೇಡಿ.

ಹಂತ 3: ಗೂಗಲ್ ಶೀಟ್ಸಿನಲ್ಲಿ ಕೈಯಾರೆ ಒಮ್ಮೆ ಲೆಕ್ಕ ಹಾಕಿ

ಇದು ಬೇಡವೆಂದು ಹಾರಿಸುವವರೇ ಜಾಸ್ತಿ. ಆದರೆ ಕೋಡ್ ಬರೆದ ಮೇಲೆ ಉತ್ತರ ಸರಿಯೋ ತಪ್ಪೋ ಎಂದು ಹೇಳಲು ನಿಮ್ಮ ಹತ್ತಿರ ಇನ್ನೊಂದು ಅಳತೆ ಇರಲೇಬೇಕು.

ಮಾದರಿಗೆ 20 ಕ್ರೆಡಿಟ್ಟಿನ ಒಂದು ಮೊದಲ ಸೆಮಿಸ್ಟರ್ ನೋಡಿ. ಗಣಿತ 4 ಕ್ರೆಡಿಟ್, 85 ಅಂಕ, 9 ಪಾಯಿಂಟ್, ಅಂದರೆ 36. ಭೌತಶಾಸ್ತ್ರ 4 ಕ್ರೆಡಿಟ್, 72 ಅಂಕ, 8 ಪಾಯಿಂಟ್, 32. ಮೂರು ಕ್ರೆಡಿಟ್ಟಿನ ಮೂರು ವಿಷಯಗಳಲ್ಲಿ 64, 58, 91 ಬಂದಿವೆ ಅನ್ನಿ. ಪಾಯಿಂಟ್ 7, 6, 10. ಗುಣಿಸಿದರೆ 21, 18, 30. ಒಂದು ಕ್ರೆಡಿಟ್ಟಿನ ಇಂಗ್ಲಿಷ್ 77, ಸಾಂಸ್ಕೃತಿಕ ಕನ್ನಡ 95, ಇನ್ನೊಂದು ಚಿಕ್ಕ ವಿಷಯ 88. ಇವು 8, 10, 9. ಎಲ್ಲ ಕೂಡಿದರೆ 164. ಇಪ್ಪತ್ತರಿಂದ ಭಾಗಿಸಿದರೆ ಎಸ್‌ಜಿಪಿಎ 8.20.

ಈಗ ಕ್ರೆಡಿಟ್ ಮರೆತು ಎಂಟು ಪಾಯಿಂಟುಗಳ ಸರಾಸರಿ ತೆಗೆಯಿರಿ: 67 ಭಾಗಿಸು 8, ಅಂದರೆ 8.38. ಕನ್ನಡದಲ್ಲಿ ಬಂದ 95 ಮತ್ತು ಗಣಿತದ 85 ಒಂದೇ ತೂಕಕ್ಕೆ ಬಂದುಬಿಟ್ಟವು. ಗಂಗಾವತಿಯ ಅಕ್ಕಿ ವ್ಯಾಪಾರಿ ನಲವತ್ತು ಕ್ವಿಂಟಲ್ ಒಂದು ರೇಟಿಗೂ ಒಂದು ಕ್ವಿಂಟಲ್ ಇನ್ನೊಂದು ರೇಟಿಗೂ ಕೊಂಡು ಎರಡು ರೇಟಿನ ನಡುವಿನದನ್ನು ಸರಾಸರಿ ಎಂದು ಬರೆದುಕೊಂಡ ಹಾಗೆ.

ಸಿಜಿಪಿಎಯಲ್ಲೂ ಇದೇ ತಪ್ಪು ಇನ್ನೊಂದು ವೇಷದಲ್ಲಿ ಬರುತ್ತದೆ. ಒಂದು ಸೆಮಿಸ್ಟರ್ 24 ಕ್ರೆಡಿಟ್, ಎಸ್‌ಜಿಪಿಎ 7.25. ಇನ್ನೊಂದು 16 ಕ್ರೆಡಿಟ್, 9.25. ಸೀದಾ ಸರಾಸರಿ 8.25. ಸರಿಯಾದ ಲೆಕ್ಕ 174 ಮತ್ತು 148 ಕೂಡಿ 322, ಅದನ್ನು 40ರಿಂದ ಭಾಗಿಸಿದರೆ 8.05. ಮೊದಲ ಎರಡು ಸೆಮಿಸ್ಟರಿನಲ್ಲಿ ಕ್ರೆಡಿಟ್ ಸಮ ಇರುವುದರಿಂದ ತಪ್ಪು ಸೂತ್ರವೂ ಸರಿ ಉತ್ತರ ಕೊಡುತ್ತದೆ. ಹಾಗಾಗಿ ಫಸ್ಟ್ ಇಯರ್ ಹುಡುಗರು ಟೆಸ್ಟ್ ಮಾಡಿ "ಪರ್ಫೆಕ್ಟ್ ಐತಿ" ಅಂದರೆ ಬೀಗಬೇಡಿ.

ಈಗ ಇದೇ ಶೀಟಿನಲ್ಲಿ 58 ಬಂದ ವಿಷಯವನ್ನು ಇಂಟರ್ನಲ್ಸ್ 42, ಪರೀಕ್ಷೆ 16 ಎಂದು ಬದಲಿಸಿ. ಒಟ್ಟು 58ಕ್ಕೆ ಪಟ್ಟಿಯ ಪ್ರಕಾರ ಬಿ. ಆದರೆ ಪರೀಕ್ಷೆಯಲ್ಲಿ 18 ದಾಟಿಲ್ಲ, ಆದ್ದರಿಂದ ಎಫ್. ಒಟ್ಟು ಪಾಯಿಂಟ್ 164ರಿಂದ 146ಕ್ಕೆ ಇಳಿಯುತ್ತದೆ, ಎಸ್‌ಜಿಪಿಎ 7.30. ಫೇಲಾದ 3 ಕ್ರೆಡಿಟ್ಟನ್ನು ಭಾಜಕದಿಂದಲೂ ತೆಗೆದರೆ 146 ಭಾಗಿಸು 17, ಅಂದರೆ 8.59. ಪಾಸಾಗಿದ್ದರೆ 8.20, ಫೇಲಾದರೆ 8.59! "ನನಗ ಬ್ಯಾಕ್ ಐತಿ, ಆದ್ರೂ ಜಾಸ್ತಿ ತೋರಸ್ತೈತಲ್ಲ?" ಎಂದು ಯಾರಾದರೂ ಕೇಳಿದರೆ ಎಸ್‌ಜಿಪಿಎ ಜಾಗದಲ್ಲಿ ಸಿಜಿಪಿಎ ನಿಯಮ ಹಾಕಿದ್ದೀರಿ ಎಂದೇ ಅರ್ಥ. ಸಿಜಿಪಿಎಯಲ್ಲಿ ಎಫ್ ಹೊರಗಿಡುವುದು ನಿಯಮವೇ ಆದರೂ, ಆ ಸಂಖ್ಯೆಯ ಪಕ್ಕದಲ್ಲಿ "ಬ್ಯಾಕ್ ಬಾಕಿ ಇದೆ, ಇದು ಅಂತಿಮವಲ್ಲ" ಎಂಬ ಸಾಲು ಬಂದೇ ಬರಬೇಕು.

ಹಂತ 4: ನಿಯಮ ಒಂದು ಫೈಲ್, ಕೋಡ್ ಇನ್ನೊಂದು ಫೈಲ್

ಗ್ರೇಡ್ ಪಟ್ಟಿ, ಇಂಟರ್ನಲ್ಸ್ ಗರಿಷ್ಠ, ಪರೀಕ್ಷೆ ಗರಿಷ್ಠ, ಭಾಗವಾರು ಕನಿಷ್ಠ, ಒಟ್ಟು ಕ್ರೆಡಿಟ್, ಶೇಕಡಾ ಸೂತ್ರ, ನಿಯಮದ ಪಿಡಿಎಫ್ ಯಾವ ವರ್ಷದ್ದು, ಇಷ್ಟನ್ನೂ ಒಂದು ಜೇಸನ್ (JSON, ಮಾಹಿತಿ ಬರೆದಿಡುವ ಸರಳ ಪಠ್ಯ) ಫೈಲಿಗೆ ಹಾಕಿ. ಪ್ರತಿ ಸ್ಕೀಮಿಗೆ ಒಂದು ಫೈಲ್. ಲೆಕ್ಕ ಹಾಕುವ ಕೋಡಿನೊಳಗೆ 90, 80, 0.75 ಎಂಬಂಥ ಅಂಕಿ ಎಲ್ಲೂ ಕಾಣಬಾರದು. ಹೊಸ ಸ್ಕೀಮ್ ಬಂದಾಗ ಒಂದು ಫೈಲ್ ಸೇರಿಸಿದರೆ ಮುಗಿಯಬೇಕು.

ಗ್ರೇಡ್ ಪಟ್ಟಿಯಲ್ಲಿ "80ರಿಂದ 89", "90ರಿಂದ 100" ಎಂದು ಎರಡು ತುದಿ ಬರೆಯಬೇಡಿ. ಎಲ್ಲಿಂದಲೋ 89.5 ಬಂದರೆ ಅದು ಎರಡರಲ್ಲೂ ಸೇರದೆ ನಡುವೆ ಬಿದ್ದುಹೋಗುತ್ತದೆ. ಕೆಳತುದಿ ಮಾತ್ರ ಬರೆದು, ದೊಡ್ಡದರಿಂದ ಚಿಕ್ಕದಕ್ಕೆ ಇಳಿಯುತ್ತಾ ಮೊದಲು ಹೊಂದುವ ಸಾಲನ್ನು ಹಿಡಿಯಿರಿ.

ವಿಷಯಗಳ ಪಟ್ಟಿ ಮೊದಲೇ ತುಂಬಿಡಬೇಕೇ? ಬ್ರ್ಯಾಂಚ್ ಮತ್ತು ಸೆಮಿಸ್ಟರ್ ಆರಿಸಿದ ಕೂಡಲೇ ವಿಷಯ, ಕ್ರೆಡಿಟ್ ತಾನೇ ಬಂದರೆ ಬಳಸುವವರಿಗೆ ಸುಖ. ಆದರೆ ಇಲೆಕ್ಟಿವ್‌ಗಳು ಸೇರಿ ಪಟ್ಟಿ ಬೆಳೆಯುತ್ತಾ ಹೋಗುತ್ತದೆ, ಒಂದು ಕ್ರೆಡಿಟ್ ತಪ್ಪಾದರೂ ಇಡೀ ಬ್ರ್ಯಾಂಚಿನ ಉತ್ತರ ತಪ್ಪು. ನಿಮ್ಮದೇ ಬ್ರ್ಯಾಂಚ್ ಒಂದನ್ನು ತುಂಬಿ, ಉಳಿದವರಿಗೆ ಕ್ರೆಡಿಟ್ ತಾವೇ ಹಾಕಿಕೊಳ್ಳಲು ಬಿಡುವುದು ಒಳ್ಳೆಯದು.

ಹಂತ 5: ಲೆಕ್ಕದ ಕೋಡ್

ಕೋಡಿನ ಕ್ರಮ ಹೀಗಿರಲಿ: ಅಂಕ ಓದು, ಸರಿಯಾದ ಸಂಖ್ಯೆಯೇ ಎಂದು ನೋಡು, ಭಾಗವಾರು ಕನಿಷ್ಠ ದಾಟಿದೆಯೇ ನೋಡು, ದಾಟಿಲ್ಲದಿದ್ದರೆ ಅಲ್ಲಿಗೇ ಎಫ್, ದಾಟಿದ್ದರೆ ಮಾತ್ರ ಒಟ್ಟು ಅಂಕದ ಮೇಲೆ ಗ್ರೇಡ್, ಆಮೇಲೆ ಗುಣಾಕಾರ. ಮೊದಲು ಗ್ರೇಡ್ ಕೊಟ್ಟು ಆಮೇಲೆ ಪಾಸು ಫೇಲು ನೋಡುವ ಕೋಡಿನಲ್ಲಿ ಗೈರುಹಾಜರಿಯಂಥ ಒಂದಲ್ಲ ಒಂದು ಪ್ರಸಂಗ ತಪ್ಪಿಸಿಕೊಳ್ಳುತ್ತದೆ.

ಜಾವಾಸ್ಕ್ರಿಪ್ಟ್ ಸುಮ್ಮನೆ ತಪ್ಪು ಉತ್ತರ ಕೊಡುವ ನಾಲ್ಕು ಜಾಗ ಇವೆ. ಎರರ್ ತೋರಿಸುವುದಿಲ್ಲವಾದ್ದರಿಂದ ಹುಡುಕುವುದು ಕಷ್ಟ.

ಪೆಟ್ಟಿಗೆಯಿಂದ ಬರುವುದು ಸಂಖ್ಯೆಯಲ್ಲ, ಅಕ್ಷರಮಾಲೆ. 4 ಮತ್ತು 3 ಕೂಡಿದರೆ 7ರ ಬದಲು 43 ಆಗುತ್ತದೆ. ಗುಣಿಸುವಾಗ ಭಾಷೆ ತಾನೇ ಸಂಖ್ಯೆಯಾಗಿ ಬದಲಿಸಿಕೊಳ್ಳುತ್ತದೆ, ಕೂಡುವಾಗ ಹಾಗೆ ಮಾಡುವುದಿಲ್ಲ. ಆದ್ದರಿಂದ ಪಾಯಿಂಟುಗಳ ಮೊತ್ತ ಸರಿ, ಕ್ರೆಡಿಟ್ಟುಗಳ ಭಾಜಕ ಮಾತ್ರ ಭಾರಿ ದೊಡ್ಡದು. ಎಸ್‌ಜಿಪಿಎ 0.00 ಅಥವಾ ಅದರ ಆಸುಪಾಸು ಬಂದರೆ ಮೊದಲು ಇದನ್ನೇ ನೋಡಿ.

ಖಾಲಿ ಪೆಟ್ಟಿಗೆಯನ್ನು ಸಂಖ್ಯೆಗೆ ಬದಲಿಸಿದರೆ ಸೊನ್ನೆ ಬರುತ್ತದೆ. ಅಂಕ ತುಂಬುವುದನ್ನು ಮರೆತವನು ಫೇಲಾದ ಲೆಕ್ಕ. ಖಾಲಿ ಇದೆಯೇ ಎಂದು ಬದಲಿಸುವ ಮೊದಲೇ ಪರೀಕ್ಷಿಸಿ, ಇದ್ದರೆ ಲೆಕ್ಕ ನಿಲ್ಲಿಸಿ.

ಕನ್ನಡ ಕೀಬೋರ್ಡಿನಲ್ಲಿ ೮೫ ಎಂದು ಟೈಪ್ ಮಾಡಿದರೆ ಜಾವಾಸ್ಕ್ರಿಪ್ಟಿಗೆ ಅದು ಸಂಖ್ಯೆ ಎಂದೇ ಗೊತ್ತಾಗುವುದಿಲ್ಲ. ಕನ್ನಡ ಅಂಕಿ ಹತ್ತನ್ನೂ ಮಾಮೂಲಿ ಅಂಕಿಗೆ ಬದಲಿಸುವ ಚಿಕ್ಕ ಫಂಕ್ಷನ್ ಮೊದಲೇ ಬರೆದಿಡಿ. ಆ ಪೆಟ್ಟಿಗೆ ಬರೀ ಸಂಖ್ಯೆಯ ಮಾದರಿಯದಾಗಿದ್ದರೆ ಬ್ರೌಸರ್ ಅದನ್ನು ನಿಮ್ಮ ಫಂಕ್ಷನ್ನಿನ ತನಕ ಬಿಡದೇ ಇರಬಹುದು. ಟೆಕ್ಸ್ಟ್ ಪೆಟ್ಟಿಗೆ ಇಟ್ಟು, ಅಂಕಿ ಕೀಲಿಮಣೆ ಮಾತ್ರ ತೆರೆಯುವಂತೆ ಇನ್‌ಪುಟ್‌ಮೋಡ್ (inputmode) ಕೊಡಿ.

ಕೊನೆಯದು ರೌಂಡಿಂಗ್. 1.005 ಎಂಬುದನ್ನು ಜಾವಾಸ್ಕ್ರಿಪ್ಟಿನ ಟುಫಿಕ್ಸ್ಡ್ (toFixed) ಬಳಸಿ ಎರಡು ದಶಮಾಂಶಕ್ಕೆ ತಂದರೆ 1.01 ಬರುವುದಿಲ್ಲ, 1.00 ಬರುತ್ತದೆ. ಕಂಪ್ಯೂಟರ್ ಆ ಸಂಖ್ಯೆಯನ್ನು ಎರಡರ ಘಾತಗಳಲ್ಲಿ ಇಟ್ಟುಕೊಳ್ಳುವುದರಿಂದ ಒಳಗೆ ಅದು 1.005ಕ್ಕಿಂತ ಕೂದಲೆಳೆಯಷ್ಟು ಕಡಿಮೆ. ಉಪಾಯ ಸರಳ: ಪಾಯಿಂಟುಗಳ ಮೊತ್ತವನ್ನು ಪೂರ್ಣಾಂಕವಾಗಿಯೇ ಇಟ್ಟುಕೊಂಡು ಮೊದಲು 100ರಿಂದ ಗುಣಿಸಿ, ಆಮೇಲೆ ಕ್ರೆಡಿಟ್ ಮೊತ್ತದಿಂದ ಭಾಗಿಸಿ, ಮ್ಯಾಥ್ ರೌಂಡ್ (Math.round) ಮಾಡಿ, ಕೊನೆಗೆ 100ರಿಂದ ಭಾಗಿಸಿ.

ಸಿಜಿಪಿಎಗೆ ರೌಂಡ್ ಆದ ಎಸ್‌ಜಿಪಿಎ ಬಳಸಬೇಡಿ, ಪ್ರತಿ ಸೆಮಿಸ್ಟರಿನ ಒಟ್ಟು ಪಾಯಿಂಟ್ ಉಳಿಸಿಕೊಳ್ಳಿ. ಬಳಸುವವನ ಹತ್ತಿರ ಎಸ್‌ಜಿಪಿಎ ಬಿಟ್ಟು ಬೇರೇನೂ ಇಲ್ಲದಿದ್ದರೆ ಅದನ್ನು ಕ್ರೆಡಿಟ್ಟಿನಿಂದ ಗುಣಿಸಿ ಹತ್ತಿರದ ಪೂರ್ಣಾಂಕಕ್ಕೆ ತಂದರೆ ಮೂಲ ಪಾಯಿಂಟ್ ವಾಪಸ್ ಸಿಗುತ್ತದೆ. 22 ಕ್ರೆಡಿಟ್, 8.09 ಎಂದರೆ 177.98, ಅಂದರೆ 178. ಕ್ರೆಡಿಟ್, ಪಾಯಿಂಟ್ ಎರಡೂ ಪೂರ್ಣಾಂಕವಾಗಿದ್ದರೆ ಮಾತ್ರ ಇದು ನಡೆಯುತ್ತದೆ. ಕೃಷಿಯವರ 7.65ರಂಥ ಪಾಯಿಂಟಿಗೆ ಇದನ್ನು ಹಚ್ಚಬೇಡಿ.

ಗುರಿ ಹೇಳುವ ಲೆಕ್ಕವನ್ನೂ ಇಲ್ಲೇ ಸೇರಿಸಬಹುದು. 160ರಲ್ಲಿ 80 ಕ್ರೆಡಿಟ್ ಮುಗಿದಿದೆ, ಈಗ 7.40, ಕೊನೆಗೆ 8 ಬೇಕು. 1280ರಿಂದ 592 ಕಳೆದು 80ರಿಂದ ಭಾಗಿಸಿ: ಉಳಿದ ಸೆಮಿಸ್ಟರುಗಳಲ್ಲಿ ಸರಾಸರಿ 8.60 ಬೇಕು. ಉತ್ತರ ಹತ್ತು ದಾಟಿದರೆ "ಈ ಗುರಿ ಇನ್ನು ಸಿಗದು" ಎಂದು ನೇರವಾಗಿ ಬರೆಯಿರಿ. 11.3 ಎಂದು ತೋರಿಸಿ ಹುಡುಗರನ್ನು ಗೊಂದಲಕ್ಕೆ ಹಾಕಬೇಡಿ.

ಹಂತ 6: ಸ್ಕ್ರೀನ್

ಪೆಟ್ಟಿಗೆಯ ಮೇಲೆ ಬರೀ "ಪರೀಕ್ಷೆ" ಎಂದು ಬರೆದರೆ ಸಾಲದು, "ಪರೀಕ್ಷೆ (50ಕ್ಕೆ)" ಎಂದಿರಲಿ. ಪ್ರಶ್ನೆಪತ್ರಿಕೆ 100ಕ್ಕೆ ಇದ್ದು 50ಕ್ಕೆ ಇಳಿಸುವುದರಿಂದ ಅರ್ಧ ಜನ 100ರ ಲೆಕ್ಕದಲ್ಲೇ ತುಂಬುತ್ತಾರೆ. 50 ದಾಟಿದರೆ ಒಪ್ಪಿಕೊಳ್ಳದೆ ಕೆಂಪು ಸಾಲು ತೋರಿಸಿ. ಗೈರುಹಾಜರಿಗೆ ಬೇರೆ ಆಯ್ಕೆ ಕೊಡಿ, ಸೊನ್ನೆ ತುಂಬಿ ಎನ್ನಬೇಡಿ.

ಕನ್ನಡದಲ್ಲಿ ಬಟನ್ ಬರೆಯುವುದಾದರೆ ಸಾಲಿನ ಎತ್ತರ ಹೆಚ್ಚಿಡಿ. ಇಂಗ್ಲಿಷಿಗೆ ಸಾಕಾಗುವ ಎತ್ತರದಲ್ಲಿ "ಲೆಕ್ಕ" ಎಂಬಲ್ಲಿ ಕೆಳಗಿನ ಒತ್ತು ಅರ್ಧ ಕತ್ತರಿಸಿಹೋಗಿ "ಲೆಕ" ಎಂದು ಕಾಣುತ್ತದೆ. ಬೇರೆ ಫಾಂಟ್ ಇಳಿಸುವ ಗೋಜಿಗೆ ಹೋಗಬೇಡಿ, ಫೋನಿನಲ್ಲಿರುವ ಕನ್ನಡ ಫಾಂಟೇ ಸಾಕು.

ತುಂಬಿದ ಅಂಕ ಬ್ರೌಸರಿನ ಲೋಕಲ್ ಸ್ಟೋರೇಜಿನಲ್ಲಿ ಉಳಿಯಲಿ. ರೀವಾಲ್ಯುಯೇಶನ್ ಬಂದಾಗ ಒಂದು ವಿಷಯ ಬದಲಿಸಲು ಎಲ್ಲವನ್ನೂ ಮತ್ತೆ ತುಂಬಿಸಬಾರದು. ಜೊತೆಗೆ "ಎಲ್ಲ ಅಳಿಸು" ಬಟನ್ ಕಡ್ಡಾಯ, ಸೈಬರ್ ಸೆಂಟರಿನ ಕಂಪ್ಯೂಟರಿನಲ್ಲಿ ಇದನ್ನು ತೆರೆಯುವವರು ಇನ್ನೂ ಇದ್ದಾರೆ.

ಹಂತ 7: ಟೆಸ್ಟ್, ಅದೂ ಅಂಚಿನ ಅಂಕಗಳಿಂದ

75, 85 ಎಂದು ಹಾಕಿ ನೋಡಿದರೆ ಏನೂ ಗೊತ್ತಾಗುವುದಿಲ್ಲ. 89 ಮತ್ತು 90, 59 ಮತ್ತು 60, 54 ಮತ್ತು 55, 39 ಮತ್ತು 40 ಹಾಕಿ. ಪರೀಕ್ಷೆಯಲ್ಲಿ 17 ಮತ್ತು 18. ಇಂಟರ್ನಲ್ಸ್‌ನಲ್ಲಿ 19 ಮತ್ತು 20. ಎಲ್ಲಕ್ಕೂ ಓ ಕೊಟ್ಟರೆ ಸರಿಯಾಗಿ 10.00 ಬರಬೇಕು. ಒಂದೇ ವಿಷಯ ಹಾಕಿದರೆ ಎಸ್‌ಜಿಪಿಎ ಅದರ ಪಾಯಿಂಟೇ ಆಗಬೇಕು. ಏನೂ ತುಂಬದೆ ಬಟನ್ ಒತ್ತಿ ನೋಡಿ, ಸೊನ್ನೆಯಿಂದ ಭಾಗಿಸಿ ಆ್ಯಪ್ ತತ್ತರಿಸಬಾರದು.

ಆಮೇಲೆ ಆ ಮೂರು ಮಾರ್ಕ್ಸ್ ಕಾರ್ಡ್ ತೆಗೆಯಿರಿ. ಎರಡನೇ ದಶಮಾಂಶದ ತನಕ ತಾಳೆಯಾಗಬೇಕು. "0.02 ಅಷ್ಟೇ ವ್ಯತ್ಯಾಸ, ಇರಲಿ ಬಿಡಿ" ಅನ್ನಬೇಡಿ. ಚಿಕ್ಕ ವ್ಯತ್ಯಾಸವಾದರೆ ಸಾಮಾನ್ಯವಾಗಿ ರೌಂಡಿಂಗ್ ಅಥವಾ ರೌಂಡಾದ ಎಸ್‌ಜಿಪಿಎಯಿಂದ ಮಾಡಿದ ಸಿಜಿಪಿಎ. 0.1ರಿಂದ 0.4ರ ಆಸುಪಾಸು ಇದ್ದರೆ ಒಂದು ವಿಷಯದ ಕ್ರೆಡಿಟ್ ತಪ್ಪಿದೆ ಅಥವಾ ಕ್ರೆಡಿಟ್ ಇಲ್ಲದ ವಿಷಯ ಒಳಗೆ ಸೇರಿದೆ. ಒಂದರ ಹತ್ತಿರ ಹೋದರೆ ಎಫ್ ನಿಯಮ. ಲ್ಯಾಟರಲ್ ಎಂಟ್ರಿಯವರಿಗೆ ಮಾತ್ರ ತಪ್ಪು ಬಂದರೆ ಮೊದಲ ಎರಡು ಸೆಮಿಸ್ಟರಿನ 40 ಕ್ರೆಡಿಟ್ ಭಾಜಕದಲ್ಲಿ ಹಾಗೇ ಕೂತಿದೆ.

ಹಂತ 8: ನೆಟ್ಟಿಗೆ ಏರಿಸುವುದು

ಗಿಟ್‌ಹಬ್ ಪೇಜಸ್ ಸಾಕು, ದುಡ್ಡು ಬೇಡ. ಮುಖ್ಯ ಫೈಲಿನ ಹೆಸರು ಇಂಡೆಕ್ಸ್ (index.html) ಎಂದು ಎಲ್ಲ ಚಿಕ್ಕಕ್ಷರದಲ್ಲಿರಲಿ, ಹೊರಗಿನ ಫೋಲ್ಡರಿನಲ್ಲೇ ಇರಲಿ. ವಿಂಡೋಸ್‌ನಲ್ಲಿ ದೊಡ್ಡಕ್ಷರ ಚಿಕ್ಕಕ್ಷರ ಒಂದೇ ಎಂದು ನಡೆದುಹೋಗುತ್ತದೆ, ಗಿಟ್‌ಹಬ್‌ನಲ್ಲಿ ನಡೆಯುವುದಿಲ್ಲ. "ನನ್ನ ಲ್ಯಾಪ್‌ಟಾಪಿನಲ್ಲಿ ಓಡ್ತದ, ಲಿಂಕ್ ಕೊಟ್ರೆ 404" ಎಂಬ ದೂರಿಗೆ ಬಹುಪಾಲು ಇದೇ ಕಾರಣ.

ರಿಸಲ್ಟ್ ದಿನ ಹಾಸ್ಟೆಲಿನ ವೈಫೈ ಕೂತುಬಿಡುತ್ತದೆ. ಫೈಲುಗಳ ಪ್ರತಿಯನ್ನು ಫೋನಿನಲ್ಲೇ (ಕ್ಯಾಶ್‌ನಲ್ಲಿ) ಇಡುವ ಸರ್ವಿಸ್ ವರ್ಕರ್ ಸೇರಿಸಿದರೆ ಒಮ್ಮೆ ತೆರೆದವರಿಗೆ ನೆಟ್ ಇಲ್ಲದೆಯೂ ಆ್ಯಪ್ ಓಡುತ್ತದೆ. ಆದರೆ ಫೈಲ್ ತಿದ್ದಿದಾಗಲೆಲ್ಲ ಕ್ಯಾಶ್ ಹೆಸರಿನ ಆವೃತ್ತಿ ಸಂಖ್ಯೆ ಬದಲಿಸಿ. ಇಲ್ಲವಾದರೆ ತಪ್ಪು ಸರಿಪಡಿಸಿದ ಮೇಲೂ ಅವರ ಫೋನಿನಲ್ಲಿ ಹಳೇ ತಪ್ಪೇ ಓಡುತ್ತಿರುತ್ತದೆ.

ಮಾಡಬಾರದ್ದು ಮೂರು. ವಿಶ್ವವಿದ್ಯಾಲಯದ ಲೋಗೋ ಹಾಕಬೇಡಿ, "ಇದು ಅಧಿಕೃತವಲ್ಲ" ಎಂದು ಉತ್ತರದ ಕೆಳಗೇ ಬರೆಯಿರಿ. ಯುಎಸ್‌ಎನ್ ಹಾಕಿದರೆ ರಿಸಲ್ಟ್ ತಾನೇ ಬರುವಂತೆ ಮಾಡುತ್ತೇನೆಂದು ರಿಸಲ್ಟ್ ಸೈಟಿಗೆ ಬಾಟ್ ಬಿಡಬೇಡಿ. ಅಲ್ಲಿ ಕ್ಯಾಪ್ಚಾ ಇಟ್ಟಿರುವುದು ಅದನ್ನು ತಡೆಯಲಿಕ್ಕೇ. ಹೆಸರು, ಫೋನ್ ನಂಬರ್, ಯುಯುಸಿಎಂಎಸ್ (ಡಿಗ್ರಿ ಕಾಲೇಜುಗಳ ಸರ್ಕಾರಿ ಪೋರ್ಟಲ್) ಪಾಸ್‌ವರ್ಡ್ ಯಾವುದನ್ನೂ ಕೇಳಬೇಡಿ. ಲೆಕ್ಕಕ್ಕೆ ಅವು ಬೇಕಿಲ್ಲ. ಸುಮ್ಮನೆ ಕೂಡಿಟ್ಟುಕೊಂಡರೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯ ಹೊಣೆಯನ್ನು ನೀವೇ ತಲೆಮೇಲೆ ಹಾಕಿಕೊಂಡ ಹಾಗೆ.

ಹಂತ 9: ದೂರು ಬರುವ ದಾರಿ ಇಡಿ

ಉತ್ತರದ ಕೆಳಗೆ "ತಾಳೆಯಾಗಲಿಲ್ಲವೇ?" ಎಂಬ ಲಿಂಕ್ ಕೊಟ್ಟು ಗೂಗಲ್ ಫಾರ್ಮ್ ಜೋಡಿಸಿ. ಸ್ಕೀಮ್, ಸೆಮಿಸ್ಟರ್, ವಿಷಯದ ಕೋಡ್, ಆ್ಯಪ್ ತೋರಿಸಿದ್ದು, ಕಾರ್ಡಿನಲ್ಲಿರುವುದು, ಐದೇ ಪ್ರಶ್ನೆ. ಮಾರ್ಕ್ಸ್ ಕಾರ್ಡಿನ ಫೋಟೋ ಕೇಳಬೇಡಿ. ಬಂದ ದೂರನ್ನು ಮೊದಲು ಹಂತ 3ರ ಶೀಟಿನಲ್ಲಿ ಲೆಕ್ಕ ಹಾಕಿ. ಶೀಟ್ ಸರಿ ಆ್ಯಪ್ ತಪ್ಪು ಎಂದಾದರೆ ಕೋಡ್ ತಿದ್ದಿ, ಶೀಟೂ ತಪ್ಪಾದರೆ ನಿಯಮದ ಫೈಲ್ ತಿದ್ದಿ. ಸರಿಹೋದ ಆ ಪ್ರಸಂಗವನ್ನು ಟೆಸ್ಟ್ ಪಟ್ಟಿಗೆ ಸೇರಿಸಿ.

ನೀವು ಫೈನಲ್ ಇಯರ್ ಮುಗಿಸುವ ಮೊದಲು ಗಿಟ್‌ಹಬ್ ರೆಪೊಗೆ ಒಬ್ಬ ಎರಡನೇ ವರ್ಷದ ಹುಡುಗನನ್ನೋ ಹುಡುಗಿಯನ್ನೋ ಸೇರಿಸಿ, ಸ್ಕೀಮ್ ಫೈಲ್ ಹೇಗೆ ಬರೆಯುವುದೆಂದು ರೀಡ್‌ಮಿಯಲ್ಲಿ ಕನ್ನಡದಲ್ಲೇ ಒಂದು ಪುಟ ಬರೆದಿಡಿ. ಮುಂದಿನ ಸ್ಕೀಮ್ ಬಂದಾಗ ಫೈಲ್ ಸೇರಿಸಲು ಯಾರೂ ಇಲ್ಲದಿದ್ದರೆ, ಪುಟದ ಮೇಲ್ತುದಿಯಲ್ಲಿ "ಈ ಆ್ಯಪ್ ಇಂಥ ಸ್ಕೀಮಿನ ತನಕ ಮಾತ್ರ" ಎಂದು ದಪ್ಪಕ್ಷರದಲ್ಲಿ ಹಾಕಿ ಬಿಡಿ.